ಬಂಗುಡೆಯಾ, ಅಯಲವಾ?

ವಿರಾಜಪೇಟೆಯಲ್ಲಿ ಒಬ್ಬರು ಬಂಗುಡೆ ಅಂದರು, ಪಕ್ಕದವರು ಅಯಲ ಅಂದರು, ಎರಡೂ ಬೇರೆ ಮೀನಾ ಅಂತ ಕೇಳಿದ್ದೀರಿ. ಅಲ್ಲ, ಒಂದೇ. ಮೋಸ ಹೋಗಿದ್ದು ನೀವೊಬ್ಬರೇ ಅಲ್ಲ ಬಿಡಿ. ನನ್ನ ತವರು ಸುಳ್ಯ ಕಡೆ. ಮದುವೆಯಾಗಿ ಇಲ್ಲಿಗೆ ಬಂದ ಹೊಸದರಲ್ಲಿ ಬಂಗುಡೆ ಕೇಳಿದೆ. ಅಂಗಡಿಯ ಹೊಸ ಹುಡುಗ, "ಅದಿಲ್ಲ ಅಕ್ಕಾ, ಅಯಲ ಇದೆ" ಅಂದ. ನಾನು ಸುಮ್ನೆ ಮತ್ತಿ (ಬೂತಾಯಿ ಮೀನು) ತಗೊಂಡು ಬಂದೆ. ಅತ್ತೆ ನಕ್ಕಿದ್ದು ಇನ್ನೂ ನೆನಪಿದೆ.

ಕೊಡಗಿಗೆ ಸಮುದ್ರ ಇಲ್ಲ, ಆದರೆ ಸಮುದ್ರಕ್ಕೆ ಎರಡು ದಾರಿ ಇದೆ. ಸಂಪಾಜೆ ಘಾಟಿ ಹತ್ತಿ ಮಂಗಳೂರು ಮೀನು ಮಡಿಕೇರಿಗೆ ಬರುತ್ತದೆ, ಅದರ ಜೊತೆ ತುಳುವಿನ ಬಂಗುಡೆ ಅನ್ನುವ ಹೆಸರೂ. ಇರಿಟ್ಟಿ, ಕೂಟುಪುಳ, ಮಾಕುಟ್ಟ ದಾಟಿ ಕಣ್ಣೂರು ಕಡೆಯ ಮೀನು ನಮ್ಮೂರಿಗೆ ಬರುತ್ತದೆ, ಮಲಯಾಳದ ಅಯಲ ಆಗಿ. ವಿಜ್ಞಾನಿಗಳ ಹೆಸರಂತೂ ಇನ್ನೂ ದೂರದ್ದು: ರಾಸ್ಟ್ರೆಲಿಗರ್ ಕನಗುರ್ತಾ. 1816ರಲ್ಲಿ ಕುವಿಯೇ ಎಂಬ ಫ್ರೆಂಚ್ ವಿಜ್ಞಾನಿ ಇಟ್ಟ ಆ ಕನಗುರ್ತಾ ತೆಲುಗಿನವರ ಮಾತು!

ಹೆಸರು ಬಿಡಿ, ಮೀನು ನೋಡಿ. ಬೆನ್ನು ನೀಲಿ-ಹಸಿರು, ಹೊಟ್ಟೆ ಬೆಳ್ಳಿ, ಕಿವಿರಿನ ಹಿಂದೆ ಒಂದು ಕಪ್ಪು ಚುಕ್ಕೆ. ಬಾಯಿ ಅಗಲಿಸಿದರೆ ಒಳಗೆ ಬಾಚಣಿಗೆಯ ಹಲ್ಲಿನ ಹಾಗೆ ಉದ್ದುದ್ದ ಎಳೆಗಳು ಕಾಣುತ್ತವೆ. ನೀರು ಸೋಸಿ ಆಹಾರ ಹಿಡಿಯುವ ಜಾಲರಿ ಅದು. ಕಿವಿರು ಕೆಂಪಾಗಿರಬೇಕು, ಬೆರಳಲ್ಲಿ ಒತ್ತಿದರೆ ಗುಳಿ ಉಳಿಯಬಾರದು. ಎಣ್ಣೆಯಂಶ ಜಾಸ್ತಿ ಇರುವ ಮೀನು, ಐಸ್ ತಪ್ಪಿದರೆ ಬೇಗ ಕೆಡುತ್ತದೆ. ಕೆಟ್ಟದ್ದನ್ನು ಎಷ್ಟು ಬೇಯಿಸಿದರೂ ಮೈಯೆಲ್ಲ ತುರಿಕೆ ಬರಬಹುದು.

ಜೂನ್, ಜುಲೈನಲ್ಲಿ ಬಂದರೆ ಬೇಸರ ಮಾಡ್ಕೋಬೇಡಿ. ನಮ್ಮ ಕರಾವಳಿಯಲ್ಲಿ ಆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ. ಕೇರಳದಲ್ಲೂ ಟ್ರಾಲಿಂಗ್ ನಿಲ್ಲುತ್ತದೆ. ಮಳೆಗೆ ಮಾಕುಟ್ಟ ರಸ್ತೆ ಕುಸಿದರೆ ಒಣಮೀನೇ ಗತಿ.

ಅಡುಗೆಯಲ್ಲಿ ಮಾತ್ರ ನಾವು ಯಾರ ಕಡೆಯೂ ಅಲ್ಲ. ನನ್ನ ತವರಿನ ಪುಳಿಮುಂಚಿಗೆ, ಅಂದರೆ ಹುಳಿ-ಖಾರದ ಮೀನಿನ ಸಾರಿಗೆ, ಹುಣಸೆಹುಳಿ ಬೇಕು. ಅತ್ತೆ ಹುಣಸೆ ಮುಟ್ಟುವುದಿಲ್ಲ, ಹುಳಿಹಣ್ಣಿನ ರಸ ಬತ್ತಿಸಿ ಮಾಡುವ ಕೊಡಗಿನ ಕಾಚಂಪುಳಿಯೇ. ಕಪ್ಪಗೆ, ಗಟ್ಟಿಗಿರುವ ಆ ಹುಳಿ ಅರ್ಧ ಚಮಚ ಸಾಕು. ಅದಕ್ಕೆ ಮೆಣಸಿನ ಪುಡಿ, ಅರಿಶಿನ, ಉಪ್ಪು ಕಲಸಿ, ಮೀನಿಗೆ ಎರಡೂ ಬದಿ ಓರೆಯಾಗಿ ಗೀರು ಹಾಕಿ, ಗೀರಿನೊಳಗೂ ಹಚ್ಚಿ ಅರ್ಧ ಗಂಟೆ ಬಿಡುತ್ತಾರೆ. ಕಾವಲಿಯಲ್ಲಿ ಚರ್ಮ ತಾನಾಗಿ ಬಿಡುವವರೆಗೆ ತಿರುಗಿಸುವ ಹಾಗಿಲ್ಲ. ನಾನು ಅವಸರ ಮಾಡಿ ಎಷ್ಟು ಸಲ ಹರಿದಿದ್ದೇನೋ, ಹರಿದದ್ದೆಲ್ಲ ನನ್ನ ತಟ್ಟೆಗೇ ಬೀಳುತ್ತದೆ.