50.4 ದೊಡ್ಡದೇ, ಆದರೆ ಯಾವ ವರ್ಷದ್ದು?

ನಮಸ್ಕಾರ. ‘ಬ್ಯಾಸ್ಕೆಟ್‌ಬಾಲಿನ ಸಾರ್ವಕಾಲಿಕ ಚಕ್ರವರ್ತಿ ಯಾರು?’ ಅನ್ನುವ ನಿಮ್ಮ ಲೇಖನ ಕಲಬುರಗಿಯಿಂದ ಬಂದು ತಲುಪಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಕೈಬಿಡಿ ಅಂತಲೂ ಹೇಳುವುದಿಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಿಮ್ಮ ವಾದ ಇಷ್ಟು. ವಿಲ್ಟ್ ಚೇಂಬರ್ಲೇನ್ 1961-62ರಲ್ಲಿ ಪಂದ್ಯಕ್ಕೆ ಸರಾಸರಿ 50.4 ಅಂಕ ಗಳಿಸಿದರು. ಮೈಕಲ್ ಜೋರ್ಡನ್ 1986-87ರಲ್ಲಿ 37.1. ಸ್ಟೀಫನ್ ಕರಿ 2015-16ರಲ್ಲಿ 30.1. ಹಾಗಾಗಿ ಚೇಂಬರ್ಲೇನ್ ಮೊದಲು, ಜೋರ್ಡನ್ ಎರಡು, ಕರಿ ಮೂರು. ಎಸ್ಸೆಸ್ಸೆಲ್ಸಿ ರಿಸಲ್ಟ್ ಅಂಟಿಸಿದ ಹಾಗಾಯಿತು, ಅಲ್ವಾ? ಮೂವರೂ ಬರೆದದ್ದು ಒಂದೇ ಪ್ರಶ್ನೆಪತ್ರಿಕೆ ಅಲ್ಲ ಅನ್ನುವುದೇ ಲೇಖನದಲ್ಲಿ ಎಲ್ಲೂ ಇಲ್ಲ.

ಮೂವರೂ ಆಡಿದ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ 1961-62ರಲ್ಲಿ ಇದ್ದದ್ದು ಒಂಬತ್ತೇ ತಂಡ. ಒಂದು ತಂಡ ಪಂದ್ಯಕ್ಕೆ ಸುಮಾರು 108 ಸಲ ಬುಟ್ಟಿಗೆ ಗುರಿ ಇಡುತ್ತಿತ್ತು. 2016-17ರ ಹೊತ್ತಿಗೆ ಅದು 85ರ ಹತ್ತಿರಕ್ಕೆ ಇಳಿದಿತ್ತು. 1961-62ರ ಕಾಲದಲ್ಲಿ ಓಟ ಜಾಸ್ತಿ, ಎಸೆತ ಜಾಸ್ತಿ, ಗುರಿ ತಪ್ಪುವುದೂ ಜಾಸ್ತಿ. ಗುರಿ ತಪ್ಪಿದಷ್ಟೂ ರೀಬೌಂಡ್, ಅಂದರೆ ಪುಟಿದು ಬಂದ ಚೆಂಡನ್ನು ಹಿಡಿಯುವುದು, ಜಾಸ್ತಿ. ಆಗ ತಂಡಕ್ಕೆ ಸರಾಸರಿ 71 ಸಿಗುತ್ತಿದ್ದವು, 2016-17ರಲ್ಲಿ 43-44. ಈ ಲೆಕ್ಕ ಕೈಯಲ್ಲಿ ಹಿಡಿದು ನೀವೇ ಕೊಟ್ಟ ಇನ್ನೊಂದು ಹೋಲಿಕೆ ನೋಡಿ. ಅದೇ 1961-62ರಲ್ಲಿ ಆಸ್ಕರ್ ರಾಬರ್ಟ್‌ಸನ್ ಪಂದ್ಯಕ್ಕೆ 12.5 ರೀಬೌಂಡ್ ಹಿಡಿದರು, 2016-17ರಲ್ಲಿ ರಸೆಲ್ ವೆಸ್ಟ್‌ಬ್ರೂಕ್ 10.7. ‘ವೆಸ್ಟ್‌ಬ್ರೂಕ್ ಹತ್ತಿರವೂ ಬರಲಿಲ್ಲ’ ಅಂತ ಬರೆದುಬಿಟ್ಟಿದ್ದೀರಿ. ಅವರವರ ಕಾಲದ ಸರಾಸರಿ ತಂಡದ ರೀಬೌಂಡಿನಲ್ಲಿ ಪಾಲು ತೆಗೆದರೆ ರಾಬರ್ಟ್‌ಸನ್ ಅವರದು ಶೇ 17-18, ವೆಸ್ಟ್‌ಬ್ರೂಕ್ ಅವರದು ಶೇ 25ರ ಹತ್ತಿರ. ಅದೂ ವೆಸ್ಟ್‌ಬ್ರೂಕ್ ಅಂಗಳದಲ್ಲಿ ಇದ್ದದ್ದು ಪಂದ್ಯಕ್ಕೆ ಸುಮಾರು ಹತ್ತು ನಿಮಿಷ ಕಡಿಮೆ.

ಮಜಾ ಏನಂದರೆ, ಚೇಂಬರ್ಲೇನ್ ವಿಷಯದಲ್ಲಿ ನಿಮ್ಮ ತೀರ್ಮಾನ ಬಿದ್ದುಹೋಗುವುದಿಲ್ಲ. ಹೋದ ದಾರಿ ಮಾತ್ರ ತಪ್ಪು. ಅವರನ್ನು ಜೋರ್ಡನ್ ಪಕ್ಕ ನಿಲ್ಲಿಸುವ ಮೊದಲು ಅವರದೇ ವರ್ಷದವರ ಪಕ್ಕ ನಿಲ್ಲಿಸಿ. ಆ ಸೀಸನ್ನಿನಲ್ಲಿ 48 ಪಂದ್ಯ ಮಾತ್ರ ಆಡಿದ ಎಲ್ಜಿನ್ ಬೇಲರ್ (38.3) ಅವರನ್ನು ಬಿಟ್ಟರೆ, ಅವರ ನಂತರದ ಸರಾಸರಿ ವಾಲ್ಟ್ ಬೆಲ್ಲಮಿ ಅವರದು, 31.6. ಹತ್ತೊಂಬತ್ತು ಅಂಕದಷ್ಟು ಅಂತರ! ಜೋರ್ಡನ್ ಅವರ 37.1ರ ನಂತರ ಇದ್ದದ್ದು ಡೊಮಿನಿಕ್ ವಿಲ್ಕಿನ್ಸ್, 29.0. ಕರಿ ಅವರನ್ನೂ ಹೀಗೇ ಅಳೆಯಿರಿ. 2015-16ರಲ್ಲಿ ಅವರು ಹಾಕಿದ ಮೂರಂಕದ ಬುಟ್ಟಿ, ಅಂದರೆ ದೂರದ ಕಮಾನು ಗೆರೆಯಾಚೆಯಿಂದ ಹಾಕಿದ್ದು, 402. ಅದಕ್ಕೂ ಮುಂಚಿನ ದಾಖಲೆ 286, ಅದೂ ಅವರದೇ. ಒಂದೇ ವರ್ಷದಲ್ಲಿ ದಾಖಲೆ ಅಷ್ಟು ಜಿಗಿಯಿತು ಅಂದರೆ ಅವರು ಮೂರನೇ ಸಾಲಿಗೆ ಸುಮ್ನೆ ಹೋಗಿ ನಿಲ್ಲುವ ಆಟಗಾರ ಅಲ್ಲ.

ಇನ್ನೊಂದು ಮುಖ್ಯ ಸಂಗತಿ ಬಿಟ್ಟಿದ್ದೀರಿ. 50.4ರ ಆ ವರ್ಷ ಅತ್ಯುತ್ತಮ ಆಟಗಾರ ಪ್ರಶಸ್ತಿ ಚೇಂಬರ್ಲೇನ್‌ಗೆ ಸಿಗಲಿಲ್ಲ, ಬಿಲ್ ರಸೆಲ್ ಅವರಿಗೆ ಹೋಯಿತು. ಆಗ ಮತ ಹಾಕುತ್ತಿದ್ದವರು ಆಟಗಾರರೇ. ಇಬ್ಬರ ಎದುರೂ ಆಡಿ ಏಟು ತಿಂದವರು ಆರಿಸಿದ್ದು ರಸೆಲ್ ಅವರನ್ನು. ಯಾಕೆ? ನಿಮ್ಮ ಲೇಖನ ಕೇಳಬೇಕಾದ ಪ್ರಶ್ನೆ ಇದೇ.

ಎರಡು ವಾಕ್ಯ ಹೊಡೆದುಹಾಕಿದ್ದೇನೆ. ರಸೆಲ್ ಪಂದ್ಯಕ್ಕೆ ಎಂಟು ಬ್ಲಾಕ್ ಮಾಡುತ್ತಿದ್ದರು, ಅಂದರೆ ಎದುರಾಳಿಯ ಎಸೆತವನ್ನು ಎಂಟು ಸಲ ತಡೆಯುತ್ತಿದ್ದರು ಅನ್ನುವುದು ಒಂದು. ಎನ್‌ಬಿಎ ಬ್ಲಾಕ್ ಎಣಿಸಲು ಶುರು ಮಾಡಿದ್ದೇ 1973-74ರಲ್ಲಿ, ರಸೆಲ್ ಆಟ ಬಿಟ್ಟದ್ದು 1969ರಲ್ಲಿ. ಇನ್ನೊಂದು, ಚೇಂಬರ್ಲೇನ್ ನೂರು ಅಂಕ ಹೊಡೆದ ‘ಆ ದೃಶ್ಯ ನೋಡಿದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ’. 1962ರ ಮಾರ್ಚ್ 2ರ ಆ ಪಂದ್ಯ ಟಿವಿಯಲ್ಲಿ ಬರಲಿಲ್ಲ. ಉಳಿದಿರುವುದು ರೇಡಿಯೊ ಧ್ವನಿ. ಏನು ನೋಡಿದಿರಿ ಮಾರಾಯರೇ?

ಈಗ ನನಗೆ ಇಷ್ಟವಾದದ್ದು. ಕೊನೇ ಪುಟದಲ್ಲಿ, ಜಾಗ ತುಂಬಿಸಲು ಬರೆದ ಹಾಗೆ, ನಿಮ್ಮ ಕಾಲೇಜಿನ ಸಿಮೆಂಟ್ ಅಂಗಳ ಬರುತ್ತದೆ. ಅಲ್ಲಿ ಎರಡು ಕಮಾನು ಗೆರೆಗಳಿವೆ, ಒಳಗಿನದು ಅರ್ಧ ಅಳಿಸಿದೆ, ಹೊರಗಿನದು ಹೊಸ ಬಣ್ಣದ್ದು. ಎಪ್ಪತ್ತರ ದಶಕದಲ್ಲಿ ಅದೇ ಅಂಗಳದಲ್ಲಿ ಆಡಿದ್ದ ನಿಮ್ಮ ಕಾಕಾ ಗೆರೆಯ ಮೇಲೆ ಚಪ್ಪಲಿ ಉಜ್ಜಿ, “ಈಗಿನ ಹುಡುಗರು ಬರೇ ದೂರದಿಂದ ಒಗಿಲತ್ತಾರ, ನಮ್ ಕಾಲಕ್ಕ ಒಳಗ ನುಗ್ಗಬೇಕಿತ್ತು” ಅನ್ನುತ್ತಾರೆ. ಲೇಖನದಲ್ಲಿ ಜೀವ ಇರುವ ಜಾಗ ಇದೊಂದೇ. ನೀವು ಅದನ್ನು ನಾಲ್ಕು ಸಾಲಿನಲ್ಲಿ ಮುಗಿಸಿದ್ದೀರಿ. ಕಾಕಾ ಹೇಳುವುದು ಬರೀ ಹಳೇ ಕಾಲದ ಗೊಣಗಾಟ ಅಲ್ಲ. ಅವರ ದಿನಗಳಲ್ಲಿ ಆ ಅಂಗಳದಲ್ಲಿ ಮೂರಂಕವೇ ಇರಲಿಲ್ಲ. ಅಂತರರಾಷ್ಟ್ರೀಯ ನಿಯಮದಲ್ಲಿ ಅದು ಬಂದದ್ದು 1984ರಲ್ಲಿ, 6.25 ಮೀಟರಿಗೆ. 2010ರಲ್ಲಿ 6.75ಕ್ಕೆ ಹಿಂದೆ ಸರಿಯಿತು. ಒಳಗಿನ ಗೆರೆ, ಹೊರಗಿನ ಗೆರೆ ಅದೇ ಇರಬೇಕು. ಟೇಪ್ ಹಿಡಿದು ಅಳೆದು ಬರೆಯಿರಿ. ಎನ್‌ಬಿಎಯಲ್ಲೂ ಗೆರೆ ಒಂದೇ ಕಡೆ ನಿಂತಿಲ್ಲ. 1979ರಲ್ಲಿ ಬಂತು. ಸಾಮಾನ್ಯವಾಗಿ 7.24 ಮೀಟರ್ ದೂರ ಇರುವುದನ್ನು 1994ರಿಂದ ಮೂರು ಸೀಸನ್ 6.7 ಮೀಟರಿಗೆ ಹತ್ತಿರ ತಂದಿದ್ದರು. ಜೋರ್ಡನ್ ಮೂರಂಕದಲ್ಲಿ ಶೇ 42.7 ಗುರಿ ಸಾಧಿಸಿದ 1995-96 ಆ ಮೂರರಲ್ಲಿ ಒಂದು.

ಕಾಕಾ ಜೊತೆಗಿನ ವಾದದಿಂದಲೇ ಶುರು ಮಾಡಿ. ‘ಚಕ್ರವರ್ತಿ’, ‘ದಂತಕಥೆ’, ‘ಯುಗಪುರುಷ’ ಎಲ್ಲ ತೆಗೆಯಿರಿ. ಐದು ಆಟಗಾರರು ಬೇಡ, ಚೇಂಬರ್ಲೇನ್ ಮತ್ತು ಕರಿ ಸಾಕು. 900 ಪದ ದಾಟಬೇಡಿ. ಕಾಕಾ ಅವರ ಹೆಸರು, ಫೋಟೊ ಹಾಕುವುದಾದರೆ ಅವರನ್ನು ಒಂದು ಮಾತು ಕೇಳಿ. 20ನೇ ತಾರೀಖಿನೊಳಗೆ ಬಂದರೆ ಮುಂದಿನ ಸಂಚಿಕೆಗೆ ನೋಡೋಣ.