ಪಶುಪಾಲನೆ ಪ್ರಶ್ನೋತ್ತರ: ಬೂಸಾ ತಿನ್ನುವ ಕುದುರೆಗೆ ಯಾವ ಪೂರಕ?

ಪ್ರಶ್ನೆ: ನಮ್ಮ ಟಾಂಗಾದ ಹೆಣ್ಣುಕುದುರೆಗೆ ಒಂಬತ್ತು ವರ್ಷ. ಭತ್ತದ ಹುಲ್ಲು, ಕಬ್ಬಿನ ಸೋಗೆ, ಬೇಯಿಸಿದ ಹುರುಳಿ ಹಾಗೂ ದಿನಕ್ಕೆ ಎರಡು ಕೆ.ಜಿ. ಗೋಧಿ ಬೂಸಾ ಕೊಡುತ್ತೇವೆ. ಈಚೆಗೆ ಮೈಯ ಹೊಳಪು ಹೋಗಿದೆ, ಗೊರಸು ಬಿರಿಯುತ್ತಿದೆ. ಔಷಧಿ ಅಂಗಡಿಯವರು ರಕ್ತ ಹೆಚ್ಚಿಸುವ ಟಾನಿಕ್, ಬಯೋಟಿನ್ ಪುಡಿ ಮತ್ತು ವಿಟಮಿನ್-ಖನಿಜಗಳ ಮಿಶ್ರಣ, ಹೀಗೆ ಮೂರನ್ನು ಸೂಚಿಸಿದ್ದಾರೆ. ಮೂರನ್ನೂ ಕೊಳ್ಳುವ ಶಕ್ತಿ ನಮಗಿಲ್ಲ. ಯಾವುದನ್ನು ಆರಿಸಬೇಕು?
– ಓದುಗರೊಬ್ಬರು, ಶ್ರೀರಂಗಪಟ್ಟಣ

ಉತ್ತರ: ಮೂರರಲ್ಲಿ ಯಾವುದನ್ನೂ ಸದ್ಯಕ್ಕೆ ಕೊಳ್ಳಬೇಡಿ. ನೀವು ಬರೆದಿರುವ ಮೇವಿನ ವಿವರವನ್ನು ನೋಡಿದರೆ ನಿಮ್ಮ ಕುದುರೆಗೆ ಎದ್ದು ಕಾಣುವ ಕೊರತೆ ಸುಣ್ಣದ ಅಂಶದ್ದು, ಅಂದರೆ ಕ್ಯಾಲ್ಸಿಯಂನದ್ದು. ಆ ಮೂರು ಡಬ್ಬಿಗಳು ಅದನ್ನು ಸರಿಯಾಗಿ ತುಂಬಿಕೊಡುವುದು ಅನುಮಾನ.

ಗೋಧಿ ಬೂಸಾದಲ್ಲಿ ರಂಜಕ (ಫಾಸ್ಫರಸ್) ಬಹಳ, ಕ್ಯಾಲ್ಸಿಯಂ ಅತ್ಯಲ್ಪ. ಎರಡು ಕೆ.ಜಿ. ಬೂಸಾದಿಂದ ಸುಮಾರು 24 ಗ್ರಾಂ ರಂಜಕ ಸಿಕ್ಕರೆ, ಕ್ಯಾಲ್ಸಿಯಂ ಮೂರು ಗ್ರಾಂ ಕೂಡ ಸಿಗುವುದಿಲ್ಲ. ಹಗುರ ಕೆಲಸ ಮಾಡುವ 275 ಕೆ.ಜಿ. ತೂಕದ ಕುದುರೆಗೆ ದಿನವೊಂದಕ್ಕೆ ಬೇಕಾದದ್ದು ಸುಮಾರು 16 ಗ್ರಾಂ ಕ್ಯಾಲ್ಸಿಯಂ ಮತ್ತು 10 ಗ್ರಾಂ ರಂಜಕ. ಕುದುರೆಯ ಒಟ್ಟು ಆಹಾರದಲ್ಲಿ ಕ್ಯಾಲ್ಸಿಯಂ ಯಾವಾಗಲೂ ರಂಜಕಕ್ಕಿಂತ ಹೆಚ್ಚಿರಬೇಕು, ಒಂದೂವರೆ ಪಟ್ಟಿನಿಂದ ಎರಡು ಪಟ್ಟು ಇದ್ದರೆ ಒಳ್ಳೆಯದು. ನಿಮ್ಮಲ್ಲಿ ಈ ಲೆಕ್ಕ ತಲೆಕೆಳಗಾಗಿದೆ. ಸಾಲದ್ದಕ್ಕೆ ಭತ್ತದ ಹುಲ್ಲಿನಲ್ಲಿರುವ ಆಕ್ಸಲೇಟ್ ಇದ್ದಷ್ಟು ಕ್ಯಾಲ್ಸಿಯಂ ಅನ್ನೂ ಕರುಳಿನಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಸೀಮೆಹುಲ್ಲು ಹಾಕಿದರೂ ಇದೇ ತೊಂದರೆ. ಇಂಥ ಮೇವು ತಿಂಗಳುಗಟ್ಟಲೆ ಮುಂದುವರಿದಾಗ ದೇಹವು ತನ್ನ ಎಲುಬಿನಿಂದಲೇ ಕ್ಯಾಲ್ಸಿಯಂ ತೆಗೆದು ರಕ್ತಕ್ಕೆ ಕೊಡುತ್ತದೆ, ಆದ್ದರಿಂದ ರಕ್ತಪರೀಕ್ಷೆಯಲ್ಲಿ ಎಲ್ಲವೂ ಸರಿಯಿದ್ದಂತೆ ಕಾಣುತ್ತಿರುವಾಗಲೇ ಎಲುಬು ಸವೆಯುತ್ತಿರುತ್ತದೆ. ಒಮ್ಮೆ ಈ ಕಾಲು, ಒಮ್ಮೆ ಆ ಕಾಲು ಕುಂಟುವುದು, ಮುಂದೆ ಮೂಗಿನ ಎರಡೂ ಪಕ್ಕದ ಎಲುಬು ಉಬ್ಬಿ ಮುಖ ದಪ್ಪವಾಗುವುದು ಇದರ ಗುರುತುಗಳು. ಕುದುರೆಯ ಎದುರು ನಿಂತು, ಕಣ್ಣಿನ ಕೆಳಗಿನಿಂದ ಮೂಗಿನ ಹೊಳ್ಳೆಯವರೆಗೆ ಎರಡೂ ಕೈಗಳಿಂದ ಸವರಿ ನೋಡಿ. ಉಬ್ಬು ಕಂಡರೆ ಅಂದೇ ಪಶುವೈದ್ಯರಿಗೆ ತೋರಿಸಿ.

ಬೂಸಾವನ್ನು ಒಂದೇ ಸಲಕ್ಕೆ ನಿಲ್ಲಿಸದೆ, ಹತ್ತು ದಿನಗಳಲ್ಲಿ ಸ್ವಲ್ಪಸ್ವಲ್ಪವಾಗಿ ಅರ್ಧ ಕೆ.ಜಿ.ಗೆ ಇಳಿಸಿ. ಅಷ್ಟೇ ನಿಧಾನವಾಗಿ ಕುದುರೆ ಮಸಾಲೆ (ಲೂಸರ್ನ್) ಸೊಪ್ಪನ್ನು ಸೇರಿಸುತ್ತಾ ಬನ್ನಿ. ದಿನಕ್ಕೆ ಐದು ಕೆ.ಜಿ. ಹಸಿ ಸೊಪ್ಪಿನಲ್ಲಿ ಸುಮಾರು 12 ಗ್ರಾಂ ಕ್ಯಾಲ್ಸಿಯಂ ಇರುತ್ತದೆ, ಜೊತೆಗೆ ಒಳ್ಳೆಯ ಪ್ರೋಟೀನೂ ಸಿಗುತ್ತದೆ. ಸೊಪ್ಪು ಸಿಗದ ದಿನಗಳಲ್ಲಿ ಪಶು ಆಹಾರಕ್ಕೆಂದೇ ಮಾರುವ ಸುಣ್ಣಕಲ್ಲಿನ ಪುಡಿಯನ್ನು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಅನ್ನು, 30 ಗ್ರಾಂನಷ್ಟು ತೆಗೆದುಕೊಂಡು, ನೀರು ಚಿಮುಕಿಸಿದ ಹುರುಳಿಯಲ್ಲಿ ಕಲಸಿ ಕೊಡಬಹುದು. ಎಲೆಗೆ ಹಚ್ಚುವ ಸುಣ್ಣ ಖಂಡಿತ ಬೇಡ, ಅದು ಬಾಯಿ ಮತ್ತು ಕರುಳನ್ನು ಸುಡುತ್ತದೆ. ಡಿ.ಸಿ.ಪಿ. (ಡೈಕ್ಯಾಲ್ಸಿಯಂ ಫಾಸ್ಫೇಟ್) ಎಂಬ ಪುಡಿಯಲ್ಲಿ ಕ್ಯಾಲ್ಸಿಯಂ ಜೊತೆಗೆ ರಂಜಕವೂ ಇರುವುದರಿಂದ ನಿಮ್ಮ ಕುದುರೆಗೆ ಅದು ಹೊಂದುವುದಿಲ್ಲ.

ಇನ್ನು ಅಂಗಡಿಯವರು ಹೇಳಿದ ಮೂರರ ಬಗ್ಗೆ. ರಕ್ತ ಹೆಚ್ಚಿಸುವ ಟಾನಿಕ್ ಕೊಡುವುದು ಕಬ್ಬಿಣದ ಅಂಶಕ್ಕಾಗಿ. ಮೇವು ಮತ್ತು ಹುರುಳಿಯಲ್ಲಿ ಅದು ಸಾಕಷ್ಟಿರುವುದರಿಂದ ಬೆಳೆದ ಕುದುರೆಗೆ ಅದರ ಕೊರತೆಯಾಗುವುದು ಅಪರೂಪ; ರಕ್ತ ಕಡಿಮೆಯಾಗಿದ್ದರೆ ಕಾರಣ ಜಂತುಹುಳುವೋ ಬೇರೆ ಕಾಯಿಲೆಯೋ ಇರಬಹುದು. ಟಾನಿಕ್ಕಿಗೆ ಮೊದಲು ಪಶು ಆಸ್ಪತ್ರೆಯಲ್ಲಿ ಲದ್ದಿ ಪರೀಕ್ಷೆ ಮಾಡಿಸಿ, ಹಲ್ಲನ್ನೂ ತೋರಿಸಿ. ಬಯೋಟಿನ್ ಎಂಬ ವಿಟಮಿನ್ ಕೆಲವು ಕುದುರೆಗಳ ಗೊರಸಿಗೆ ನಿಜವಾಗಿಯೂ ಸಹಾಯ ಮಾಡುತ್ತದೆ. ಆದರೆ ಗೊರಸು ತಿಂಗಳಿಗೆ ಹೆಚ್ಚೆಂದರೆ ಒಂದು ಸೆಂಟಿಮೀಟರ್ ಬೆಳೆಯುವುದರಿಂದ, ಆರೇಳು ತಿಂಗಳು ಬಿಡದೆ ಕೊಡದಿದ್ದರೆ ಹಣ ವ್ಯರ್ಥ. ಅದಕ್ಕೂ ಮೊದಲು ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕೆತ್ತಿಸಿ ಲಾಳ ಸರಿಮಾಡಿಸುತ್ತಿದ್ದೀರಾ ಎಂಬುದನ್ನು ನೋಡಿಕೊಳ್ಳಿ.

ಮಿಶ್ರಣವನ್ನು ಮುಂದೆ ಎಂದಾದರೂ ಕೊಳ್ಳುವುದಾದರೆ ಡಬ್ಬಿಯ ಮೇಲೆ ಕುದುರೆಯ ಚಿತ್ರವಿದ್ದರಷ್ಟೇ ಸಾಲದು, ದಿನದ ಅಳತೆಯಲ್ಲಿ ಯಾವ ಖನಿಜ ಎಷ್ಟು ಮಿಲಿಗ್ರಾಂ ಇದೆ ಎಂದು ಮುದ್ರಿಸಿರಬೇಕು. ಮುಖ್ಯವಾಗಿ ಸೆಲೆನಿಯಂ ನೋಡಿ. ನಿಮ್ಮ ಕುದುರೆಗೆ ದಿನಕ್ಕೆ ಅರ್ಧ ಮಿಲಿಗ್ರಾಂ ಸಾಕು. ಸೆಲೆನಿಯಂ ಇರುವ ಎರಡು ಡಬ್ಬಿಗಳನ್ನು ಒಟ್ಟಿಗೆ ಕೊಟ್ಟು ಅಳತೆ ಮೀರುತ್ತಾ ಹೋದರೆ ಬಾಲದ ಕೂದಲು ಉದುರಿ ಗೊರಸು ಸೀಳುತ್ತದೆ. 2009ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ತಪ್ಪು ಅಳತೆಯಲ್ಲಿ ಸೆಲೆನಿಯಂ ಬೆರೆತ ಪೂರಕದಿಂದ 21 ಪೋಲೋ ಕುದುರೆಗಳು ಸತ್ತವು. ದನ, ಕೋಳಿಗಳ ಆಹಾರವನ್ನೂ ಕುದುರೆಗೆ ಹಾಕಬೇಡಿ. ಅವುಗಳಲ್ಲಿ ಕೆಲವಕ್ಕೆ ಬೆರೆಸುವ ಮೊನೆನ್ಸಿನ್ ಎಂಬ ಔಷಧಿ ಕುದುರೆಯ ಹೃದಯವನ್ನು ಕೆಡಿಸಿ ಪ್ರಾಣ ತೆಗೆಯುತ್ತದೆ.

ತೂಕ ಗೊತ್ತಿಲ್ಲದೆ ಯಾವ ಅಳತೆಯೂ ಸರಿಬಾರದು. ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು, ಭುಜದ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದವನ್ನು ಟೇಪಿನಿಂದ ಸೆಂಟಿಮೀಟರಿನಲ್ಲಿ ಅಳೆಯಿರಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಮತ್ತೆ ಉದ್ದದಿಂದ ಗುಣಿಸಿ, 11,877ರಿಂದ ಭಾಗಿಸಿದರೆ ಹೆಚ್ಚುಕಡಿಮೆ ತೂಕ ಸಿಗುತ್ತದೆ. ಸುತ್ತಳತೆ 150, ಉದ್ದ 145 ಇದ್ದರೆ ತೂಕ ಸುಮಾರು 275 ಕೆ.ಜಿ.; ನಾನು ಮೇಲೆ ಹಿಡಿದಿರುವುದು ಈ ಲೆಕ್ಕವನ್ನೇ. ನಿಮ್ಮ ಕುದುರೆಯ ತೂಕ ಬೇರೆಯಾದರೆ ಅಳತೆಗಳನ್ನೂ ಅದೇ ಪ್ರಮಾಣದಲ್ಲಿ ಬದಲಿಸಿಕೊಳ್ಳಿ.

ಪ್ರಶ್ನೆ: ಸವಾರಿ ಕಲಿಯುತ್ತಿರುವ ನಮ್ಮ ಮಗಳ ಕುದುರೆಗೆ ದಿನವೂ ಎಲೆಕ್ಟ್ರೊಲೈಟ್ ಕೊಡಬೇಕೇ?
– ಓದುಗರೊಬ್ಬರು, ಮೈಸೂರು

ಉತ್ತರ: ಬೇಡ. ಬೆಳಗಿನ ಒಂದು ಗಂಟೆಯ ಹಗುರ ಸವಾರಿಗೆ ಅಡುಗೆ ಉಪ್ಪು ಸಾಕು; 500 ಕೆ.ಜಿ. ಕುದುರೆಗೆ ದಿನಕ್ಕೆ 25ರಿಂದ 30 ಗ್ರಾಂ. ಬಿಸಿಲಿನಲ್ಲಿ ಮೈಯೆಲ್ಲ ನೊರೆ ಬರುವಷ್ಟು ಬೆವರಿದ ದಿನ ಮಾತ್ರ ಎಲೆಕ್ಟ್ರೊಲೈಟ್, ಅಂದರೆ ಲವಣಗಳ ಮಿಶ್ರಣ, ಕೊಡಿ. ಕುದುರೆಯ ಬೆವರಿನಲ್ಲಿ ನೀರಿನೊಂದಿಗೆ ಉಪ್ಪೂ ಧಾರಾಳವಾಗಿ ಹೋಗುವುದರಿಂದ ದಣಿದ ಕುದುರೆಗೆ ಬಾಯಾರಿಕೆಯೇ ತಿಳಿಯದಿರಬಹುದು. ಆದ್ದರಿಂದ ಎಲೆಕ್ಟ್ರೊಲೈಟ್ ಬೆರೆಸಿದ ಬಕೆಟ್ಟಿನ ಪಕ್ಕದಲ್ಲೇ ಬರಿಯ ನೀರಿನ ಬಕೆಟ್ಟನ್ನೂ ಇಡಿ, ಅದು ಯಾವುದನ್ನು ಎಷ್ಟು ಕುಡಿಯಿತೆಂದು ನೋಡಿಕೊಳ್ಳುವಂತೆ ಮಗಳಿಗೂ ಹೇಳಿ.