ಮೀಟಿಂಗ್ ಇದೆ ಅಂದೆ, ಅತ್ತೆ ರೀಲ್ಸ್ ನೋಡಿಬಿಟ್ಟರು

ಪ್ರಶ್ನೆ: ನನಗೆ 29 ವರ್ಷ. ಮದುವೆಯಾಗಿ ಹೊಸನಗರದ ಹತ್ತಿರದ ಹಳ್ಳಿಗೆ ಬಂದು ಎರಡು ವರ್ಷ ಆಯಿತು. ಗಂಡ ಅಡಿಕೆ ತೋಟ ನೋಡಿಕೊಳ್ಳುತ್ತಾರೆ. ನಾನು ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತೇನೆ. ಇನ್ಶೂರೆನ್ಸ್ ಕ್ಲೇಮ್‌ಗಳ ಕಾಗದಪತ್ರ ನೋಡಿ ಸರಿಯಿದೆಯಾ ಅಂತ ಹೇಳುವ ಕೆಲಸ. ಒಂದು ಫೈಲ್ ಮುಗಿದ ಕೂಡಲೇ ಕೈ ಮೊಬೈಲಿಗೆ ಹೋಗುತ್ತದೆ. ಐದು ನಿಮಿಷ ಅಂದುಕೊಂಡಿದ್ದು ಮುಕ್ಕಾಲು ಗಂಟೆ ಆಗುತ್ತದೆ. ಉಳಿದ ಕೆಲಸ ಮುಗಿಸಲು ರಾತ್ರಿ ಹನ್ನೊಂದರವರೆಗೆ ಕೂರುತ್ತೇನೆ. ತಡವಾಗುತ್ತಿದೆ ಎಂದು ಮ್ಯಾನೇಜರ್ ಮೇಲ್ ಹಾಕಿದ್ದಾರೆ. ಇನ್‌ಸ್ಟಾಗ್ರಾಂ ಡಿಲೀಟ್ ಮಾಡಿದೆ, ವಾರದೊಳಗೆ ಮತ್ತೆ ಹಾಕಿಕೊಂಡೆ. ಕರೆಂಟ್ ಹೋದರೆ ಮೊಬೈಲ್ ಹಾಟ್‌ಸ್ಪಾಟೇ ಗತಿ. ಅದಕ್ಕೆ ಅಟ್ಟದ ಕಿಟಕಿ ಹತ್ತಿರವೇ ಕೂತು ಕೆಲಸ ಮಾಡುತ್ತೇನೆ, ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. ಹಾಗಾಗಿ ಫೋನ್ ದೂರ ಇಡುವುದಕ್ಕೂ ಆಗುವುದಿಲ್ಲ.

ಮೇ ತಿಂಗಳಲ್ಲಿ ಅತ್ತೆ ಹಲಸಿನ ಹಪ್ಪಳ ಒತ್ತಲು ಕರೆದರು. ‘ಮೀಟಿಂಗ್ ಇದೆ’ ಅಂದೆ. ಇರಲಿಲ್ಲ. ಸ್ವಲ್ಪ ಹೊತ್ತಿಗೆ ಹಪ್ಪಳದ ಹಿಟ್ಟಿಗೆ ಕೊಬ್ಬರಿ ಎಣ್ಣೆ ಹಾಕಿ, ನನಗೆ ತಿನ್ನಲೆಂದು ತಟ್ಟೆಯಲ್ಲಿಟ್ಟುಕೊಂಡು ಅವರೇ ಅಟ್ಟ ಹತ್ತಿ ಬಂದರು. ನನ್ನ ಕೈಯಲ್ಲಿ ರೀಲ್ಸ್ ಓಡುತ್ತಿತ್ತು. ತಟ್ಟೆ ಇಟ್ಟು ಹೋದರು, ಒಂದು ಮಾತೂ ಆಡಲಿಲ್ಲ. ಆವತ್ತಿನಿಂದ ಯಾವ ಕೆಲಸಕ್ಕೂ ನನ್ನನ್ನು ಕರೆಯುತ್ತಿಲ್ಲ. ಯಾರಾದರೂ ಕೇಳಿದರೆ ‘ಅವಳಿಗೆ ಮೀಟಿಂಗ್ ಇರ್ತದೆ’ ಅನ್ನುತ್ತಾರೆ. ಗಂಡನಿಗೆ ಹೇಳಿದರೆ ‘ನಿಮ್ಮಿಬ್ಬರ ಮಧ್ಯೆ ನನ್ನ ಎಳೀಬೇಡ’ ಅನ್ನುತ್ತಾರೆ. ಬೆಂಗಳೂರಿಗೆ ವಾಪಸ್ ಹೋಗಿ ಪಿ.ಜಿ.ಯಲ್ಲಿ ಇರಲೇ? ಬಟನ್ ಫೋನ್ ತಗೊಳ್ಳಲೇ?

– ಹೆಸರು ಬೇಡ, ಹೊಸನಗರ ತಾಲ್ಲೂಕು

ಉತ್ತರ: ಬಟನ್ ಫೋನ್ ಬೇಡ. ಮೊದಲ ಮಳೆಗೆ ಕರೆಂಟ್ ಹೋದಾಗ ಹಾಟ್‌ಸ್ಪಾಟ್ ಇಲ್ಲದೆ ಪರದಾಡಿ ಹಳೇ ಫೋನನ್ನೇ ಹುಡುಕಿ ತೆಗೆಯುತ್ತೀರಿ. ಬೆಂಗಳೂರಿನ ಮಾತು ಆಮೇಲೆ. ಮೊದಲು ಅತ್ತೆಯ ವಿಷಯ.

ಅವರು ಆವತ್ತು ಅಟ್ಟ ಹತ್ತಿದ್ದು ಯಾಕೆ ಅಂತ ಯೋಚಿಸಿದ್ದೀರಾ? ಸೊಸೆಗೆ ಮೀಟಿಂಗ್, ಪಾಪ ಹಪ್ಪಳದ ಹಿಟ್ಟು ತಪ್ಪಿ ಹೋಗುತ್ತದೆ ಅಂತ. ಅಂದರೆ ನಿಮ್ಮ ಮಾತನ್ನು ಪೂರ್ತಿ ನಂಬಿದ್ದರು. ‘ಮನೆಯಲ್ಲಿ ಕೂತು ಅದೆಂಥ ಕೆಲಸ’ ಅಂತ ಕೇಳುವವರು ನಿಮ್ಮ ಊರಲ್ಲಿ ಬೇಕಾದಷ್ಟು ಜನ ಇರುತ್ತಾರೆ. ನಿಮ್ಮದು ನಿಜವಾದ ಕೆಲಸ ಅಂತ ಒಪ್ಪಿಕೊಂಡಿದ್ದವರಿಗೇ ನೀವು ಸುಳ್ಳು ಹೇಳಿದಿರಿ. ಅವರಿಗೆ ನೋವಾಗಿದ್ದು ರೀಲ್ಸ್‌ನಿಂದ ಅಲ್ಲ ಅನ್ನುವುದು ನನ್ನ ಅಂದಾಜು.

ಇನ್ನೊಂದು ತೊಡಕಿದೆ. ಬಾಗಿಲಲ್ಲಿ ನಿಂತು ನೋಡುವವರಿಗೆ ಕ್ಲೇಮ್ ಫೈಲ್ ನೋಡುವುದೂ ರೀಲ್ಸ್ ನೋಡುವುದೂ ಒಂದೇ ಥರ ಕಾಣುತ್ತದೆ. ತಲೆ ಬಗ್ಗಿಸಿ ಸ್ಕ್ರೀನ್ ನೋಡುತ್ತಿರುವ ಸೊಸೆ, ಅಷ್ಟೇ. ಹಾಗಾಗಿ ಇನ್ನು ಮೇಲೆ ನಿಜವಾದ ಮೀಟಿಂಗಿಗೂ ಅನುಮಾನ ಬೀಳುತ್ತದೆ.

ಅತ್ತು ಕರೆದು ಕ್ಷಮೆ ಕೇಳುವ ದೊಡ್ಡ ಸೀನ್ ಬೇಡ. ಹಿರಿಯರಿಗೆ ಅದರಿಂದ ಮುಜುಗರವೇ ಜಾಸ್ತಿ. ಸಂಜೆ ಅವರು ಕೆಸುವಿನ ಸೊಪ್ಪು ಹೆಚ್ಚುತ್ತಲೋ ಬಚ್ಚಲೊಲೆಗೆ ಬೆಂಕಿ ಹಾಕುತ್ತಲೋ ಇರುವಾಗ ಪಕ್ಕದಲ್ಲಿ ಕೂತು ಹೇಳಿ: ‘ಅತ್ತೆ, ಆವತ್ತು ಮೀಟಿಂಗ್ ಇರಲಿಲ್ಲ. ಸುಳ್ಳು ಹೇಳಿದೆ.’ ಅಲ್ಲಿಗೇ ನಿಲ್ಲಿಸಿ. ‘ಕೆಲಸದ ಟೆನ್ಷನ್ ಇತ್ತು’ ಅಂತ ಬಾಲ ಅಂಟಿಸಬೇಡಿ. ಅವರು ಒಂದು ಚುಚ್ಚು ಮಾತು ಆಡಿಯಾರು. ಆಡಲಿ. ಮಾತೇ ಆಡದೆ ಇರುವುದಕ್ಕಿಂತ ಅದೇ ವಾಸಿ.

ಆಮೇಲೆ ಅಡುಗೆಮನೆ ಕ್ಯಾಲೆಂಡರಿಗೆ ಕೈ ಹಾಕಿ. ಏಕಾದಶಿ, ಹಾಲಿನ ಲೆಕ್ಕ, ಸಿಲಿಂಡರ್ ಬಂದ ತಾರೀಕು ಎಲ್ಲ ಇರುವ ಆ ಕ್ಯಾಲೆಂಡರಿನಲ್ಲೇ ನಿಮ್ಮ ಮೀಟಿಂಗ್ ಗಂಟೆಗಳನ್ನೂ ಬರೆಯಿರಿ. ನಿಜವಾಗಿ ಇರುವುದನ್ನು ಮಾತ್ರ. ಹಾಗಂತ ತಪ್ಪು ಮಾಡಿದೆ ಅನ್ನುವ ಅಳುಕಿನಲ್ಲಿ ಕೆಲಸದ ಹೊತ್ತಿನಲ್ಲೂ ಕರೆದಾಗಲೆಲ್ಲ ಎದ್ದು ಹೋಗಬೇಡಿ. ಒಂದು ತಿಂಗಳು ಹಾಗೆ ಮಾಡಿದರೆ ಕೆಲಸ ಇನ್ನೂ ಹಿಂದೆ ಬೀಳುತ್ತದೆ, ಸಿಟ್ಟು ಅತ್ತೆ ಮೇಲೆ ತಿರುಗುತ್ತದೆ. ಹತ್ತರಿಂದ ಒಂದರವರೆಗೆ ಡ್ಯೂಟಿ ಅಂದರೆ ಡ್ಯೂಟಿ. ‘ಒಂದು ಗಂಟೆಗೆ ಬರ್ತೇನೆ’ ಅಂದರೆ ಒಂದಕ್ಕೆ ಸರಿಯಾಗಿ ಕೆಳಗೆ ಇರಿ.

ನಿಮ್ಮ ಯಜಮಾನರಿಗೂ ಎರಡು ಮಾತು. ‘ಎಳೀಬೇಡ’ ಅನ್ನುವುದು ಉತ್ತರ ಅಲ್ಲ. ಮಳೆ ಹಿಡಿದಿದೆ, ಅಡಿಕೆಗೆ ಕೊಳೆರೋಗ ಬರುವ ಮೊದಲು ಬೋರ್ಡೋ ದ್ರಾವಣ ಹೊಡೆಸುವ ಗಡಿಬಿಡಿ ಅವರಿಗಿರಬಹುದು. ಆದರೂ ‘ಒಂದು ಗಂಟೆವರೆಗೆ ಅವಳನ್ನ ಕರೀಬೇಡಿ ಅಮ್ಮ, ಅವಳದ್ದೂ ಸಂಬಳದ ಕೆಲಸ’ ಅಂತ ಹೇಳಲು ಅರ್ಧ ನಿಮಿಷ ಸಾಕು. (ರಾಶಿ ಅಡಿಕೆ ಎಷ್ಟಾಯ್ತು, ಬೆಟ್ಟೆ ಅಡಿಕೆ ಎಷ್ಟಾಯ್ತು ಅಂತ ಧಾರಣೆ ಗ್ರೂಪುಗಳನ್ನು ಗಂಟೆಗೊಮ್ಮೆ ತೆಗೆದು ನೋಡುವ ಗಂಡಸರಿಗೆ ನಮ್ಮ ಕಡೆ ಯಾರೂ ‘ಮೊಬೈಲ್ ಹುಚ್ಚು’ ಅನ್ನುವುದಿಲ್ಲ. ಅದು ವ್ಯವಹಾರ!)

ಇನ್ನು ಫೋನ್. ಕೈ ಯಾವಾಗ ಹೋಗುತ್ತದೆ ಅಂತ ನೀವೇ ಬರೆದಿದ್ದೀರಿ: ಒಂದು ಫೈಲ್ ಮುಗಿದ ಕೂಡಲೇ. ಆಫೀಸಿನಲ್ಲಿದ್ದರೆ ಅದೇ ಗಳಿಗೆಯಲ್ಲಿ ಕುರ್ಚಿ ತಿರುಗಿಸಿ ಪಕ್ಕದವಳನ್ನು ಕಾಫಿಗೆ ಕರೆಯುತ್ತಿದ್ದಿರಿ. ಈಗ ಕುರ್ಚಿ ತಿರುಗಿಸಿದರೆ ಕಿಟಕಿ, ಮಳೆ. ಮಲೆನಾಡಿನ ಒಂಟಿ ಮನೆಗಳ ಪಾಡು ಗೊತ್ತಲ್ಲ, ಪಕ್ಕದ ಮನೆ ಅಂದರೆ ತೋಟ ದಾಟಿ, ಹಳ್ಳ ದಾಟಿ. ನಿಮ್ಮ ವಯಸ್ಸಿನವರು, ನಿಮ್ಮ ಕೆಲಸದ ಭಾಷೆ ಗೊತ್ತಿರುವವರು ಈಗ ಇರುವುದು ಫೋನಿನೊಳಗೆ ಮಾತ್ರ. ಅವರನ್ನು ಹುಡುಕಿ ಒಳಗೆ ಹೋಗುತ್ತೀರಿ, ಸಿಗುವುದು ಅಪರಿಚಿತರ ಡ್ಯಾನ್ಸು.

ಮುಕ್ಕಾಲು ಗಂಟೆ ಹೋಗುವುದಕ್ಕೆ ನಿಮ್ಮ ಮನಸ್ಸು ಗಟ್ಟಿಯಿಲ್ಲದಿರುವುದೊಂದೇ ಕಾರಣ ಅಲ್ಲ. ಮೊದಲೆಲ್ಲ ವೆಬ್ ಪುಟಕ್ಕೆ ಕೊನೆ ಅನ್ನುವುದಿತ್ತು, ಮುಂದಿನ ಪುಟ ಬೇಕೆಂದರೆ ಒತ್ತಬೇಕಿತ್ತು. 2006ರಲ್ಲಿ ಏಜಾ ರಾಸ್ಕಿನ್ ಎಂಬ ಡಿಸೈನರ್ ಕೊನೆಯೇ ಇಲ್ಲದ ಸ್ಕ್ರೋಲ್ ರೂಪಿಸಿದರು, ಆಮೇಲೆ ಅದಕ್ಕೆ ಬಹಿರಂಗವಾಗಿಯೇ ಪಶ್ಚಾತ್ತಾಪ ಪಟ್ಟರು. ನಮ್ಮಲ್ಲಿ 2020ರ ಜೂನ್ 29ರಂದು ಟಿಕ್‌ಟಾಕ್ ನಿಷೇಧವಾಯಿತು, ಜುಲೈನಲ್ಲೇ ಇನ್‌ಸ್ಟಾಗ್ರಾಂ ರೀಲ್ಸ್ ಬಂತು. ಹತ್ತು ರೀಲ್ಸ್ ಸಪ್ಪೆ ಇದ್ದು ಹನ್ನೊಂದನೆಯದು ಚೆನ್ನಾಗಿರುತ್ತದೆ ನೋಡಿ, ಅಲ್ಲೇ ಇದೆ ಗುಟ್ಟು. ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ಮಾಡಿದ್ದರು. ಎಷ್ಟು ಸಲ ಕುಕ್ಕಿದರೆ ಕಾಳು ಬೀಳುತ್ತದೆ ಅಂತ ಗೊತ್ತಾಗದಂತೆ ಮಾಡಿದಾಗ ಅವು ಬಿಡದೆ ಕುಕ್ಕುತ್ತಲೇ ಇದ್ದವು.

ಹಾಗಾಗಿ ಶಪಥ ಮಾಡುವುದು ಬಿಡಿ, ಫೋನ್ ಇಡುವ ಜಾಗ ಬದಲಿಸಿ. ಸಿಗ್ನಲ್ ಅಟ್ಟದ ಕಿಟಕಿಯಲ್ಲಿ ಮಾತ್ರ ಅಂದಿರಲ್ಲ, ಅದು ನಿಮ್ಮ ಅದೃಷ್ಟ. ಹಾಟ್‌ಸ್ಪಾಟ್ ಆನ್ ಮಾಡಿ ಫೋನನ್ನು ಆ ಕಿಟಕಿಯಲ್ಲೇ ಚಾರ್ಜರ್ ಅಥವಾ ಪವರ್ ಬ್ಯಾಂಕಿಗೆ ಹಾಕಿ ಬಿಡಿ. ಲ್ಯಾಪ್‌ಟಾಪ್ ತಗೊಂಡು ಕೆಳಗೆ ಬನ್ನಿ. ಮರದ ಅಟ್ಟವಾದರೆ ನೆಟ್ ಕೆಳಗಿನ ಕೋಣೆಗೆ ಆರಾಮಾಗಿ ಬರುತ್ತದೆ. ಫೋನ್ ಬೇಕೆಂದರೆ ಏಣಿ ಹತ್ತಲೇಬೇಕು. ಆಫೀಸಿನ ವಾಟ್ಸಾಪ್ ಲ್ಯಾಪ್‌ಟಾಪಿನಲ್ಲೇ ತೆರೆಯಿರಿ. ಮನೆಯಲ್ಲಿ ಫೈಬರ್ ಲೈನ್ ಇದ್ದರೆ ಮೋಡೆಮ್‌ಗೆ ಒಂದು ಸಣ್ಣ ಯುಪಿಎಸ್ ಹಾಕಿಸಿ. ಲೈನ್ ಕೊಡುವವರ ತುದಿಯಲ್ಲೂ ಕರೆಂಟ್ ಇದ್ದರೆ ಹಾಟ್‌ಸ್ಪಾಟೇ ಬೇಕಾಗುವುದಿಲ್ಲ.

ಆಂಡ್ರಾಯ್ಡ್ ಫೋನಾದರೆ ಸೆಟ್ಟಿಂಗ್ಸ್‌ನಲ್ಲಿ ಡಿಜಿಟಲ್ ವೆಲ್‌ಬೀಯಿಂಗ್ ಅಂತ ಇದೆ. ಇನ್‌ಸ್ಟಾಗ್ರಾಂಗೆ ದಿನಕ್ಕೆ ಅರ್ಧ ಗಂಟೆ ಟೈಮರ್ ಹಾಕಿ. ಮನಸ್ಸು ಮಾಡಿದರೆ ಅದನ್ನು ತೆಗೆಯುವುದು ಸುಲಭ, ಆದರೂ ಎಷ್ಟು ಹೊತ್ತಾಯಿತು ಅಂತ ಎಚ್ಚರಿಸುತ್ತದೆ. ಪಾಸ್‌ವರ್ಡ್ ಗಂಡನ ಕೈಗೆ ಕೊಡುವ ಐಡಿಯಾ ಮಾತ್ರ ಬೇಡ. ಗಂಡ ಹೆಂಡತಿಗೆ ಕಾವಲುಗಾರ ಆಗುವುದು ಚೆನ್ನಾಗಿರುವುದಿಲ್ಲ.

ಫೈಲ್ ಮುಗಿದಾಗಿನ ಆ ಹೊತ್ತು ಖಾಲಿ ಬಿಟ್ಟರೆ ಕಾಲು ಮತ್ತೆ ಏಣಿ ಕಡೆಗೇ ಹೋಗುತ್ತದೆ. ಹಳೇ ಆಫೀಸಿನ ಗೆಳತಿಯೊಬ್ಬಳ ಜೊತೆ ಮಾತಾಡಿಕೊಳ್ಳಿ, ದಿನಾ ಹನ್ನೊಂದೂವರೆಗೆ ಹತ್ತು ನಿಮಿಷ ಲ್ಯಾಪ್‌ಟಾಪಿನಲ್ಲೇ ಕಾಲ್, ಕೈಯಲ್ಲಿ ಕಷಾಯವೋ ಕಾಫಿಯೋ. ಕಚೇರಿ ಬೈಗುಳ, ಮ್ಯಾನೇಜರ್ ಮಿಮಿಕ್ರಿ ಎಲ್ಲ ಅಲ್ಲಿ ನಡೆಯಲಿ. ಕುರ್ಚಿ ತಿರುಗಿಸಿದಾಗ ಸಿಗಬೇಕಾದದ್ದು ಇದೇ ಅಲ್ವಾ?

ರಾತ್ರಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ಮುಚ್ಚಿದ ಮೇಲೂ ಫೋನ್ ಹಿಡಿದು ನಿದ್ದೆಗೆಡುತ್ತಿದ್ದರೆ, ಯಾವುದರಲ್ಲೂ ಮನಸ್ಸೇ ಇಲ್ಲ ಅನ್ನಿಸುತ್ತಿದ್ದರೆ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಇಂಟರ್‌ನೆಟ್ ಗೀಳಿಗೆಂದೇ 2014ರಿಂದ ಶಟ್ ಕ್ಲಿನಿಕ್ ಇದೆ.

ಬೆಂಗಳೂರಿಗೆ ಹೋದರೆ ಫೋನ್ ಕೂಡ ಜೊತೆಗೇ ಬರುತ್ತದೆ, ಪಿ.ಜಿ. ಕೋಣೆಯಲ್ಲಿ ತಡೆಯುವವರೂ ಇರುವುದಿಲ್ಲ. ಆದರೆ ಈ ಮನೆಯಲ್ಲಿ ಉಸಿರು ಕಟ್ಟುತ್ತಿದೆ, ನನ್ನ ಜನ ಬೇಕು ಅನ್ನಿಸಿ ಹೋಗುವ ಆಸೆಯಿದ್ದರೆ ಅದು ತಪ್ಪಲ್ಲ. ಅದನ್ನು ಗಂಡನ ಹತ್ತಿರ ನೇರವಾಗಿ ಮಾತಾಡಿ. ರೀಲ್ಸ್ ನೆಪ ಯಾಕೆ?

ಮ್ಯಾನೇಜರಿನ ಮೇಲ್‌ಗೆ ಇನ್ನೂ ಉತ್ತರ ಕೊಟ್ಟಿಲ್ಲ ಅಂತ ನನ್ನ ಗುಮಾನಿ. ಇವತ್ತೇ ಬರೆಯಿರಿ. ತಡವಾಗಿದ್ದು ನಿಜ, ಬಾಕಿ ಇಷ್ಟು ಫೈಲ್ ಇವೆ, ಇಂಥ ದಿನದೊಳಗೆ ಮುಗಿಸುತ್ತೇನೆ ಅಂತ ಮೂರೇ ಸಾಲು. ಕರೆಂಟಿನ ಕಥೆ ಅದರಲ್ಲಿ ಬೇಡ.